ಧ್ವನಿಮುದ್ರಿಸಿದವರ ಹೆಸರೂ ಇರಲಿ

ಮಾನ್ಯ ಸಂಪಾದಕರೇ,

ಐರಿಷ್ ಜನಪದ ಸಂಗೀತಕ್ಕೆ ಲೋಕದ ಕಿವಿಯನ್ನು ಸೆಳೆದ ಪ್ಯಾಡಿ ಮೊಲೋನಿ 2021ರಲ್ಲಿ ತೀರಿಕೊಂಡಾಗ, ಅವರ 'ಚೀಫ್‌ಟನ್ಸ್' ತಂಡ ಪಡೆದ ಆರು ಗ್ರ್ಯಾಮಿ ಪ್ರಶಸ್ತಿಗಳ ಬಗ್ಗೆ ಸಾಕಷ್ಟು ಓದಿದೆ. ಆ ತಂಡ ಕೂಡಿದ್ದೇ ಒಂದು ಪುಟ್ಟ ಸಂಸ್ಥೆಯ ಒಂದೇ ಒಂದು ಧ್ವನಿಮುದ್ರಿಕೆಗಾಗಿ ಎಂಬ ಸಂಗತಿಗೆ ನಾನು ಓದಿದ ಬರಹಗಳಲ್ಲಿ ಜಾಗವೇ ಇರಲಿಲ್ಲ. ಆ ಸಂಸ್ಥೆ ಡಬ್ಲಿನ್ನಿನ ಕ್ಲಾಡಾ ರೆಕಾರ್ಡ್ಸ್.

1959ರಲ್ಲಿ ಅದನ್ನು ಕಟ್ಟಿದ ಗ್ಯಾರೆಕ್ ಬ್ರೌನ್‌ಗೆ ಆಗಿನ್ನೂ 20ರ ಆಸುಪಾಸು. ಜೊತೆಗಿದ್ದವರು ಮನೋವೈದ್ಯ ಐವರ್ ಬ್ರೌನ್. ಮೊದಲ ಧ್ವನಿತಟ್ಟೆ ಲಿಯೋ ರೌಸಮ್ ಅವರ ಇಲಿನ್ ಪೈಪ್ಸ್ ವಾದನ. ಬಾಯಿಂದ ಊದದೆ, ಮೊಣಕೈಯಿಂದ ತಿದಿಯೊತ್ತಿ ಗಾಳಿ ತುಂಬಿಸಿ ನುಡಿಸುವ ವಾದ್ಯವದು. ಅದನ್ನು ಯುನೆಸ್ಕೋ ಮಾನವಕುಲದ ಪರಂಪರೆಯೆಂದು ಗುರುತಿಸಿದ್ದು 2017ರಲ್ಲಿ. ಈ ತರುಣ ಅದರ ಬೆಲೆಯನ್ನು ಆರು ದಶಕ ಮೊದಲೇ ಅರಿತಿದ್ದ. ಬಿಯರ್ ತಯಾರಿಕೆಗೆ ಹೆಸರಾದ ಗಿನ್ನೆಸ್ ಮನೆತನದ ಮೊಮ್ಮಗನಿಗೆ ಹಣಕ್ಕೇನು ಕೊರತೆ ಎನ್ನಬಹುದು. ಹಣವಂತರು ಆಗಲೂ ಬಹಳ ಮಂದಿಯಿದ್ದರು. ಪೈಪ್ಸ್ ಗುರುವಿನ ಬಳಿ ಕುಳಿತು ಕಲಿತು, ಅವರ ವಾದನವನ್ನೇ ಮೊದಲು ಹೊರತಂದವರು ಎಷ್ಟು ಮಂದಿ?

ಎರಡನೆಯ ತಟ್ಟೆಗಾಗಿಯೇ ಮೊಲೋನಿ ವಾದಕರನ್ನು ಒಟ್ಟುಗೂಡಿಸಿದ್ದು. ಮುಂದೆ 1968ರಲ್ಲಿ ಅವರೇ ಸಂಸ್ಥೆಯ ಆಡಳಿತದ ಹೊಣೆ ಹೊತ್ತರು.

ನನ್ನನ್ನು ಹೆಚ್ಚು ಸೆಳೆಯುವುದು ಇನ್ನೊಂದು. ಇದೇ ಸಂಸ್ಥೆ ಕವಿಗಳ ಕಂಠವನ್ನೂ ಮುದ್ರಿಸಿತು. 1967ರಲ್ಲಿ ಅಗಲಿದ ಪ್ಯಾಟ್ರಿಕ್ ಕ್ಯಾವನಾ ಅವರ ದನಿ ಇಂದಿಗೂ ಉಳಿದಿರುವುದರಲ್ಲಿ ಕ್ಲಾಡಾದ ಪಾಲು ದೊಡ್ಡದು. 1966ರಲ್ಲಿ ನಟ ಜ್ಯಾಕ್ ಮೆಗೌರನ್ ಸ್ಯಾಮ್ಯುಯೆಲ್ ಬೆಕೆಟ್‌ರ ಬರಹಗಳನ್ನು ಓದಿದಾಗ ಜಾಗಟೆ ಬಾರಿಸಿದವರು ಸ್ವತಃ ಬೆಕೆಟ್! ಸಂಗೀತ ಸಂಯೋಜಕ ಶಾನ್ ಓ ರಿಯಾಡ 1971ರಲ್ಲಿ, ಸಾವಿಗೆ ಸ್ವಲ್ಪವೇ ಮುಂಚೆ, ವಿಕ್ಲೋ ಬೆಟ್ಟಗಳ ನಡುವೆ ಗ್ಯಾರೆಕ್ ಅವರ ಲಗಲಾ ಮನೆಯಲ್ಲಿ ಹಾರ್ಪ್ಸಿಕಾರ್ಡ್ ಎಂಬ, ಪಿಯಾನೊ ಹೋಲುವ ಹಳೆಯ ತಂತಿವಾದ್ಯ ನುಡಿಸಿದರು. ಅದನ್ನೂ ಹೊರತಂದದ್ದು ಕ್ಲಾಡಾ. ಮಾರಾಟದ ಲೆಕ್ಕ ನೋಡಿ ಯಾರೂ ಇಂಥ ಆಯ್ಕೆ ಮಾಡುವುದಿಲ್ಲ.

ಗ್ಯಾರೆಕ್ 2018ರಲ್ಲಿ ತೀರಿಕೊಂಡರು. ಅವರ ಪತ್ನಿ ಹರ್ಷದ್ ಪೂರ್ಣಾ ದೇವಿ ಗುಜರಾತಿನ ಮೋರ್ವಿ ರಾಜಮನೆತನದವರು ಎಂಬುದು ನಮ್ಮಲ್ಲಿ ಹೆಚ್ಚು ಜನರಿಗೆ ತಿಳಿದಿರಲಾರದು.

ಈಗ ಹಾಡುಗಳೆಲ್ಲ ಮೊಬೈಲಿಗೆ ಬಂದಿವೆ. ತಟ್ಟೆಯ ಹೊದಿಕೆಯ ಮೇಲೆ ಇರುತ್ತಿದ್ದ ವಿವರಗಳು, ಅಂದರೆ ಯಾರು ನುಡಿಸಿದರು, ಎಲ್ಲಿ ಮುದ್ರಿಸಿದರು, ಯಾರು ಹೊರತಂದರು ಎಂಬವು, ಕೇಳುಗರ ಕಣ್ಣಿಗೆ ಬೀಳುವುದೇ ಅಪರೂಪ. ನಿಮ್ಮ ಸಂಗೀತ ಪುಟದಲ್ಲಿ ಯಾವುದೇ ಧ್ವನಿಮುದ್ರಿಕೆಯನ್ನು ಪರಿಚಯಿಸುವಾಗ, ಅದು ಐರಿಷ್ ಆಗಿರಲಿ ಕನ್ನಡದ್ದಾಗಿರಲಿ, ಕಲಾವಿದರ ಹೆಸರಿನ ಜೊತೆಗೆ ಹೊರತಂದ ಸಂಸ್ಥೆ ಮತ್ತು ಇಸವಿಯನ್ನೂ ಅಚ್ಚು ಮಾಡಬೇಕೆಂದು ಕೋರುತ್ತೇನೆ. ಅದಕ್ಕೆ ಒಂದು ಸಾಲು ಸಾಕು.

— ಓದುಗ, ಮೈಸೂರು