ಭಾನುವಾರಕ್ಕೆ ಚಿತ್ರಪುಸ್ತಕ ತರುವವರಿಗೆ

ಎಲ್ಲರಿಗೂ ನಮಸ್ಕಾರ. ಈ ಭಾನುವಾರದ ಪುಸ್ತಕ ವಿನಿಮಯಕ್ಕೆ ಮೂರು ವರ್ಷದೊಳಗಿನ ಮಕ್ಕಳ ಚಿತ್ರಪುಸ್ತಕಗಳನ್ನು ಮಾತ್ರ ತನ್ನಿ.

ಆರಿಸುವಾಗ ಕೂಸಿನ ಕಣ್ಣಿನಿಂದ ನೋಡಿ. ಹಸುಗೂಸಿಗೆ ಚೆನ್ನಾಗಿ ಕಾಣುವುದು 20ರಿಂದ 30 ಸೆಂಟಿಮೀಟರ್ ದೂರದಲ್ಲಿರುವುದು, ಅಂದರೆ ಎದೆಗವಚಿಕೊಂಡಾಗ ತಾಯಿಯ ಮುಖವಿರುವಷ್ಟು ದೂರ. ಆ ಕಣ್ಣಿಗೆ ಕಪ್ಪು ಬಿಳುಪಿನ ದಪ್ಪ ಗೆರೆಗಳೇ ಹಬ್ಬ. ನಾವು ಮರುಳಾಗುವ ತಿಳಿಬಣ್ಣದ ಜಲವರ್ಣ ಅದಕ್ಕೆ ಬರೀ ಮಬ್ಬು. ವರ್ಷದ ಆಸುಪಾಸಿನಲ್ಲಿ ಬೆರಳು ಮಾಡಿ ತೋರಿಸುವ ಕಾಲ ಬರುತ್ತದೆ. ಆಗ ಪುಟಕ್ಕೊಂದು ಚಿತ್ರ, ಸುತ್ತ ಒಂದಿಷ್ಟು ಖಾಲಿ ಜಾಗ ಸಾಕು.

ನಿಜವಾದ ಮಜಾ ಎರಡು ದಾಟಿದ ಮೇಲೆ. ನನ್ನ ಮಗಳು ಕಥೆಯನ್ನೇ ಬಿಟ್ಟು ಪುಟಪುಟದ ಮೂಲೆಯಲ್ಲೂ ಒಂದು ಬಸವನಹುಳುವನ್ನು ಹುಡುಕುತ್ತಿದ್ದಳು. ಒಂದು ಪುಟದಲ್ಲಿ ಚಿತ್ರಕಾರರು ಅದನ್ನು ಬಿಡಿಸಿಲ್ಲ. ಆ ಮುನಿಸು ಇನ್ನೂ ಇಳಿದಿಲ್ಲ!

ಗುಂಡಿ ಒತ್ತಿದರೆ ಹಾಡುವ ಪುಸ್ತಕಗಳು ದಯವಿಟ್ಟು ಬೇಡ. ಅವು ಚಿತ್ರ ನೋಡಲು ಬಿಡುವುದೇ ಇಲ್ಲ. ರಟ್ಟಿನ ಪುಟಗಳ ಮೇಲೆ ಹಲ್ಲಿನ ಗುರುತಿದ್ದರೂ ಚಿಂತೆಯಿಲ್ಲ, ಒರೆಸಿ ತನ್ನಿ. ಬರುವವರು ಶನಿವಾರ ಸಂಜೆಯೊಳಗೆ ಇಲ್ಲೇ ತಿಳಿಸಿ.