ಆ ನರ್ಸ್ ಸಿಸ್ಟರ್‌ಗೆ ಧನ್ಯವಾದ

ಸಿಸ್ಟರ್, ನಿಮ್ಮ ಹೆಸರು ಬರೆಯುವುದಿಲ್ಲ. ಓದಿದರೆ ನಿಮಗೇ ಗೊತ್ತಾಗುತ್ತದೆ. ನನ್ನ ತಮ್ಮ ಚಟ ಬಿಡಿಸುವ ಕೇಂದ್ರದಿಂದ ಹೊರಡುವಾಗ ನೀವು ಸುಮ್ನೆ ಡಾಕ್ಟರಿಗೆ ತೋರಿಸಿ ಎಂದು ಒಂದು ಚೀಟಿ ಕೊಟ್ಟು ಕಳಿಸಬಹುದಿತ್ತು. ಎಷ್ಟೋ ಜನ ಅಲ್ಲೇ ಕೈತಪ್ಪಿ ಹೋಗುತ್ತಾರೆ, ಅಲ್ವಾ? ನೀವು ಅವನ ಎದುರಿಗೇ ಡಾಕ್ಟರಿಗೆ ಫೋನ್ ಮಾಡಿ ದಿನ ಗೊತ್ತು ಮಾಡಿದಿರಿ. ಯಾವ್ಯಾವ ಮಾತ್ರೆ ನಡೆಯುತ್ತಿದೆ ಎಂದು ಬರೆದುಕೊಟ್ಟಿರಿ. ಆ ದಿನ ಜೊತೆಗೂ ಬಂದಿರಿ.

ಬಿಪಿ, ಲಿವರ್ ಎಲ್ಲ ನೋಡಿದರು. ರಕ್ತದಲ್ಲಿ ಹೆಪಟೈಟಿಸ್ ಸಿ ಇತ್ತು. ಒಬ್ಬರ ಸೂಜಿ ಇನ್ನೊಬ್ಬರು ಬಳಸಿದರೆ ಹರಡುವ ಕಾಯಿಲೆ ಅದು. ವರ್ಷಗಟ್ಟಲೆ ಸುಳಿವೇ ಕೊಡದೆ ಲಿವರ್ ಹಾಳುಮಾಡುತ್ತದೆ. ಈಗ 8ರಿಂದ 12 ವಾರ ಮಾತ್ರೆ ತೆಗೆದುಕೊಂಡರೆ ಹೆಚ್ಚಿನವರಿಗೆ ಪೂರ್ತಿ ವಾಸಿಯಾಗುತ್ತದೆ. ಅವನಿಗೂ ಆಯಿತು.

ಇವತ್ತಿಗೂ ಜ್ವರ ಬಂದರೂ ಅದೇ ಡಾಕ್ಟರ ಹತ್ತಿರ ಹೋಗುತ್ತಾನೆ. ತುಂಬಾ ಧನ್ಯವಾದ, ಸಿಸ್ಟರ್.