ರಥಬೀದಿಯ ಹೂವಿನ ಅಕ್ಕನಿಗೆ

ಕಳೆದ ಶನಿವಾರ ಉಡುಪಿ ರಥಬೀದಿಯಲ್ಲಿ ನನ್ನನ್ನು ನೋಡಿಕೊಂಡ ಅಕ್ಕ, ನಿಮ್ಮ ಹೆಸರು ಕೇಳಲೇ ಇಲ್ಲ ನಾನು.

ಸೆಕೆಯಲ್ಲಿ ತುಂಬಾ ಹೊತ್ತು ನಿಂತಿದ್ದೆ. ಮೈ ಬೆವರಿತು, ಕಿವಿ ಗುಂಯ್ ಎಂದಿತು, ಕಣ್ಣು ಕತ್ತಲೆ ಕಟ್ಟಿತು. ಎಚ್ಚರವಾದಾಗ ನೆಲದಲ್ಲಿ ಮಲಗಿದ್ದೆ. ಕಾಲು ನಿಮ್ಮ ಬುಟ್ಟಿಯ ಮೇಲಿತ್ತು. ಅದರಲ್ಲಿದ್ದ ಶಂಕರಪುರ ಮಲ್ಲಿಗೆಯನ್ನೆಲ್ಲ ಬಾಳೆಎಲೆಯ ಮೇಲೆ ಸುರಿದು ಬುಟ್ಟಿ ಬೋರಲು ಹಾಕಿದ್ದಿರಿ. ಯಾರೋ ನನ್ನನ್ನು ಕೂರಿಸಲು ಬಂದರು. "ಎಬ್ಬಿಸ್ಬೇಡಿ ಮಾರಾಯ್ರೆ, ರಕ್ತ ತಲೆಗೆ ಬರ್ಲಿ" ಎಂದಿರಿ. ಪೂರ್ತಿ ಎಚ್ಚರ ಬಂದ ಮೇಲೆಯೇ ಒಂದೊಂದು ಗುಟುಕು ನೀರು ಕುಡಿಸಿದಿರಿ. ಗಿರಾಕಿಗಳು ಕಾಯುತ್ತಿದ್ದರೂ ಸೆರಗಿನಲ್ಲಿ ಗಾಳಿ ಹಾಕುತ್ತಲೇ ಇದ್ದಿರಿ.

ಸೋಮವಾರ ಡಾಕ್ಟರ್ ಮಲಗಿಸಿ, ನಿಲ್ಲಿಸಿ ಬಿಪಿ ನೋಡಿದರು, ಇಸಿಜಿ ತೆಗೆದರು. ಹೃದಯ ಸರಿ ಇದೆ. ಇದು ವೇಸೊವೇಗಲ್ ಸಿಂಕೊಪಿ ಎಂಬ ಮೂರ್ಛೆ. ಎದೆಬಡಿತ ನಿಧಾನವಾಗಿ, ರಕ್ತನಾಳ ಸಡಿಲವಾಗಿ, ಬಿಪಿ ದಿಢೀರ್ ಇಳಿಯುತ್ತದೆ. ಮಿದುಳಿಗೆ ರಕ್ತ ಸಾಲದೆ ಬೀಳುತ್ತೇವೆ. ಮಾತ್ರೆ ಏನೂ ಇಲ್ಲ. ನೀರು ಜಾಸ್ತಿ ಕುಡಿಯಬೇಕು, ಸೂಚನೆ ಕಂಡ ಕೂಡಲೇ ಮಲಗಬೇಕು, ಆಗದಿದ್ದರೆ ಕಾಲು ಕತ್ತರಿ ಹಾಕಿ ಬಿಗಿ ಹಿಡಿಯಬೇಕು. "ಕಾಲು ಎತ್ತಿಟ್ಟವರು ಸರಿಯಾಗೇ ಮಾಡಿದ್ದಾರೆ" ಎಂದರು. ಆಗ ನನಗೆ ಅಳು ಬಂತು ಅಕ್ಕ.

ಹೊರಡುವಾಗ ಒಂದು ಚೆಂಡು ಮಲ್ಲಿಗೆ ಕೊಟ್ಟು, ದುಡ್ಡು ಬೇಡ ಎಂದಿರಿ. ಈ ಶನಿವಾರ ಮತ್ತೆ ಬರುತ್ತೇನೆ. ಊಟ ಮಾಡಿಕೊಂಡೇ ಬರುತ್ತೇನೆ.